ಎಡಿನ್‌ಬರಾ ಪ್ಲಾನಿನ ಐದನೆಯ ದಿನ

ಸೇಡು ತೀರಿಸಿಕೊಳ್ಳಲು ಕತ್ತಿ ಕಠಾರಿಯೇ ಬೇಕೆಂದು ಯಾರು ಹೇಳಿದರು? ನಾರ್ತ್ ಕ್ರೀಕಿನ ವಿಜಯಾಳಿಗೆ ಒಂದು ಎಕ್ಸೆಲ್ ಶೀಟು ಸಾಕಾಯಿತು.

ಅಮೆರಿಕದ ಬಾಥೆಲ್, ಬೆಲ್ವ್ಯೂ ಕಡೆಯ ಕನ್ನಡಿಗರ ನಡುವೆ ಅವಳ ಹೆಸರೇ ಪ್ಲಾನ್ ವಿಜಯಾ. ಯಾರಾದರೂ ಪ್ಯಾರಿಸ್ಸಿಗೋ ಅಲಾಸ್ಕಾಕ್ಕೋ ಹೊರಟರೆ ಟಿಕೆಟ್ ತೆಗೆಯುವ ಮೊದಲೇ ಅವಳಿಗೆ ಫೋನ್ ಮಾಡುತ್ತಿದ್ದರು. ಯಾವ ದಿನ ಯಾವ ಊರು, ಎಷ್ಟು ಗಂಟೆಯ ಬಸ್ಸು, ಎಲ್ಲಿ ಪಾರ್ಕಿಂಗು ಎಲ್ಲವನ್ನೂ ಅವಳು ಸಾಲುಸಾಲಾಗಿ ತುಂಬಿಸಿ ಕಳಿಸುತ್ತಿದ್ದಳು. ಆ ಶೀಟಿನಲ್ಲಿ ಎಲ್ಲರೂ ಮೊದಲು ನೋಡುತ್ತಿದ್ದದ್ದು ಮಾತ್ರ ಕೊನೆಯ ಕಾಲಮ್ಮನ್ನು. ಅದರ ತಲೆಯ ಮೇಲೆ "ವೆಜ್" ಎಂದು ಬರೆದಿರುತ್ತಿತ್ತು. ನಮ್ಮ ಜನ ಕೋಟೆ ನೋಡದೆ ಬಂದಾರು, ಮಧ್ಯಾಹ್ನಕ್ಕೆ ಏನು ತಿನ್ನುವುದೆಂದು ಗೊತ್ತಿಲ್ಲದೆ ಮನೆಯ ಹೊಸಿಲು ದಾಟುವುದಿಲ್ಲ. ವಿಜಯಾ ಆ ಕಾಲಮ್ಮಿನಲ್ಲಿ ಟಿಕ್ ಹಾಕಿದಳೆಂದರೆ ಮುಗಿಯಿತು, ಮತ್ತೆ ಯಾರೂ ಮೆನು ಕಾರ್ಡ್ ತಿರುಗಿಸಿ ನೋಡುತ್ತಿರಲಿಲ್ಲ. ತಮಾಷೆಯೆಂದರೆ ವಿಜಯಾ ಮಂಡ್ಯದ ಕಡೆಯ ಹುಡುಗಿ, ಕೋಳಿ ಕುರಿ ತಿನ್ನುವ ಮನೆಯವಳು. ಊರವರ ಸಸ್ಯಾಹಾರವನ್ನು ಕಾಯುವ ಕೆಲಸ ಅವಳ ಪಾಲಿಗೆ ಬಂದಿತ್ತು, ಅವಳೂ ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದಳು.

ಅಂಥವಳಿಗೆ ಶಾಲಿನಿ ಮಾಡಿದ್ದೇನು ಎಂಬುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಎರಡು ಸಾವಿರದ ಹದಿನಾಲ್ಕರ ಯುಗಾದಿ. ಬಾಡಿಗೆ ಹಾಲಿನಲ್ಲಿ ಕನ್ನಡದವರ ಪಾಟ್‌ಲಕ್, ಮನೆಗೊಂದು ಅಡುಗೆ. ಊಟದ ಮೇಲ್ವಿಚಾರಣೆ ಬೆಲ್ವ್ಯೂನ ಶಾಲಿನಿಯದು. ವಿಜಯಾ ಬೆಳಗಿನ ಜಾವ ಎದ್ದು, ಸೊಂಟ ಹಿಡಿದುಕೊಂಡು, ಅರವತ್ತು ಹೋಳಿಗೆ ಬೇಯಿಸಿ ತಂದಿದ್ದಳು. ಊಟ ಮುಗಿಯುತ್ತ ಬಂದರೂ ತನ್ನ ಹೋಳಿಗೆ ಯಾರ ತಟ್ಟೆಯಲ್ಲೂ ಕಾಣಲಿಲ್ಲ. ಹುಡುಕಿದಾಗ ಟ್ರೇ ಮೇಜಿನ ಕೆಳಗೆ, ಪೇಪರ್ ಪ್ಲೇಟುಗಳ ಡಬ್ಬದ ಹಿಂದೆ ಸಿಕ್ಕಿತು. ಮೇಲಿನ ಫಾಯಿಲ್ ಬಿಚ್ಚಿರಲಿಲ್ಲ. ಫಾಯಿಲಿನ ಮೇಲೆ ಒಂದು ಹಳದಿ ಚೀಟಿ ಅಂಟಿಸಿತ್ತು: "ನಾನ್‌ವೆಜ್ ಮನೆ." ಅಕ್ಷರ ಶಾಲಿನಿಯದು.

ಕೇಳಿದರೆ ಶಾಲಿನಿ ನಗುನಗುತ್ತಲೇ ಹೇಳಿದಳು. "ತಪ್ಪು ತಿಳ್ಕೋಬೇಡಿ ವಿಜಯಾ. ನಿಮ್ಮನೇಲಿ ಎಲ್ಲಾ ಒಂದೇ ಪಾತ್ರೇಲಿ ಬೇಯತ್ತಲ್ಲಾ? ನಮ್ಮೋರಲ್ಲಿ ಕೆಲವ್ರು ತುಂಬಾ ಸ್ಟ್ರಿಕ್ಟು."

ಸುತ್ತ ನಿಂತಿದ್ದ ಏಳೆಂಟು ಜನ ತಟ್ಟೆ ನೋಡಿಕೊಂಡರು. ಇವಳ ಟಿಕ್ ನಂಬಿ ಮೂರು ಖಂಡ ಸುತ್ತಿ ಬಂದವರೇ ಅವರೆಲ್ಲ. ವಿಜಯಾ ಟ್ರೇ ಎತ್ತಿಕೊಂಡು ಮನೆಗೆ ಬಂದಳು. ಗಂಡ ಕೇಶವ, ವಿಮಾನದ ರೆಕ್ಕೆಗಳ ಲೆಕ್ಕ ಮಾಡುವ ಎಂಜಿನಿಯರು, ಪಾಪ, ವಾರವಿಡೀ ಹಾಲಿನಲ್ಲಿ ನೆನೆಸಿ ಹೋಳಿಗೆ ತಿಂದ. ವಿಜಯಾ ಒಂದನ್ನೂ ಮುಟ್ಟಲಿಲ್ಲ. ಅಂದಿನಿಂದ ಅವಳ ಹೊಟ್ಟೆಯಲ್ಲಿ ಕೆಂಡವೊಂದು ಉಳಿದುಹೋಯಿತು. ಪಾತ್ರೆ ತೊಳೆಯುವಾಗ, ಐ-ನಾನೂರೈದು ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಕೂತಾಗ, ಏನೇನು ಅಂದಿದ್ದರೆ ಶಾಲಿನಿಯ ಮುಖ ಕಪ್ಪಿಡುತ್ತಿತ್ತೆಂದು ಯೋಚಿಸಿ ಯೋಚಿಸಿ ಆ ಕೆಂಡವನ್ನು ಊದುತ್ತಿದ್ದಳು. ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ವಿಜಯಾ ಎರಡೇ ವರ್ಷ ಕಾದಳು.

ಹದಿನಾರರ ಜೂನ್‌ನಲ್ಲಿ ಶಾಲಿನಿಯೇ ಫೋನ್ ಮಾಡಿದಳು.

"ವಿಜಯಾ, ನೀವು ಎಡಿನ್‌ಬರ್ಗಲ್ಲಿ ಇದ್ರಿ ಅಲ್ವಾ? ಆಗಸ್ಟಲ್ಲಿ ಚಂದ್ರಶೇಖರ್‌ಗೆ ಅಲ್ಲಿ ಕಾನ್ಫರೆನ್ಸ್ ಇದೆ. ನಾನೂ ಮಗಳೂ ಜೊತೆಗೆ ಹೋಗ್ತಾ ಇದೀವಿ, ಐದು ದಿನ. ನಿಮ್ಮ ಫೇಮಸ್ ಪ್ಲಾನ್ ಒಂದು ಮಾಡಿ ಕೊಡಿ, ಪ್ಲೀಸ್."

ಹಳದಿ ಚೀಟಿ ಅವಳಿಗೆ ನೆನಪೇ ಇಲ್ಲವೆಂಬುದು ಆ ದನಿಯಲ್ಲೇ ಗೊತ್ತಾಗುತ್ತಿತ್ತು. ವಿಜಯಾಳಿಗೆ ಹೊಸದಾಗಿ ಉರಿಯಿತು. ಅವಮಾನ ಮಾಡಿದವರು ನೆನಪಾದರೂ ಇಟ್ಟುಕೊಳ್ಳಬಾರದೇ! ಆ ಊರನ್ನು ಅಲ್ಲಿಯವರು ಎಡಿನ್‌ಬರಾ ಅನ್ನುತ್ತಾರೆ, ಬರ್ಗ್ ಅಂದರೆ ಹುಬ್ಬೇರಿಸುತ್ತಾರೆ. ವಿಜಯಾ ತಿದ್ದಲಿಲ್ಲ. "ಖಂಡಿತಾ ಮಾಡ್ಕೊಡ್ತೀನಿ ಶಾಲಿನಿ," ಎಂದಳು, ದನಿಯಲ್ಲಿ ಜೇನು ಸುರಿಸುತ್ತ.

ಎಡಿನ್‌ಬರಾದಲ್ಲಿ ಅವಳು ಎರಡು ವರ್ಷ ಇದ್ದಳು. ಕೇಶವ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವಳು ಮಾಡಲು ಕೆಲಸವಿಲ್ಲದೆ ಆ ಊರಿನ ಕಲ್ಲುಕಲ್ಲು ತಿರುಗಿದ್ದಳು. ಬೆಟ್ಟದ ತಲೆಯ ಮೇಲಿನ ಕಪ್ಪು ಕೋಟೆ, ಕೋಟೆಯಿಂದ ಅರಮನೆಯವರೆಗೆ ಇಳಿಯುವ ಕಲ್ಲುಹಾಸಿನ ದೊಡ್ಡ ಬೀದಿ, ಅದರ ಎರಡೂ ಬದಿಗೆ ಒಬ್ಬರೇ ಹಾಯುವಷ್ಟು ಇಕ್ಕಟ್ಟಾದ ಓಣಿಗಳು, ಎಲ್ಲವೂ ಅವಳಿಗೆ ಅಂಗೈ ರೇಖೆಯ ಹಾಗೆ ಪರಿಚಿತ. ಆ ಊರನ್ನು ಅವಳು ಬಹಳ ಪ್ರೀತಿಸಿದ್ದಳು. ಆ ಪ್ರೀತಿಯನ್ನೆಲ್ಲ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆದಳು.

ಮೊದಲ ದಿನ, ಭಾನುವಾರ. ಕೋಟೆ. "ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ತೋಪು ಹಾರಿಸುತ್ತಾರೆ, ತಪ್ಪಿಸಿಕೊಳ್ಳಲೇಬೇಡಿ, ಹನ್ನೆರಡಕ್ಕೇ ಹೋಗಿ ಜಾಗ ಹಿಡಿಯಿರಿ" ಎಂದು ಬರೆದಳು. ಭಾನುವಾರ ತೋಪು ಹಾರಿಸುವುದಿಲ್ಲ ಎಂಬುದನ್ನು ಬರೆಯಲಿಲ್ಲ. ಎರಡನೆಯ ದಿನ, ಸ್ಕಾಟ್ ಸ್ಮಾರಕದ ಇನ್ನೂರ ಎಂಬತ್ತೇಳು ಮೆಟ್ಟಿಲು; ಇಳಿದ ಕೂಡಲೇ ಆರ್ಥರ್ಸ್ ಸೀಟ್ ಬೆಟ್ಟ. "ಸಣ್ಣ ಗುಡ್ಡ, ಸೀರೆಯಲ್ಲೇ ಹತ್ತಬಹುದು." ಅಲ್ಲಿ ಮೇಲೆ ಬೀಸುವ ಗಾಳಿಗೆ ಗಂಡಸರ ಟೋಪಿ ಸಮುದ್ರ ಸೇರುತ್ತದೆ. ಮೂರನೆಯ ದಿನ ಲಾಕ್ ನೆಸ್ ಸರೋವರ, ಹೋಗಿಬರಲು ಬಸ್ಸಿನಲ್ಲಿ ಹನ್ನೆರಡು ಗಂಟೆ, ನೋಡಲು ಕಪ್ಪು ನೀರು. ನಾಲ್ಕನೆಯ ದಿನ ಅರಮನೆ, ಓಣಿಗಳು, ಆಗಸ್ಟ್ ಉತ್ಸವದ ನೂಕುನುಗ್ಗಲಿನ ನಡುವೆಯೇ. ಊಟಕ್ಕೆ, ಬೇಳೆ ಮತ್ತು ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಎಂಬ ಅಲ್ಲಿನ ತಿನಿಸು ಸಿಗುವ ಜಾಗವೂ, ಒಳ್ಳೆಯ ಇಡ್ಲಿ ದೋಸೆ ಸಿಗುವ ಹೋಟೆಲೂ ಅವಳಿಗೆ ಗೊತ್ತಿದ್ದವು. ಎರಡನ್ನೂ ಬಿಟ್ಟಳು. ವೆಜ್ ಕಾಲಮ್ಮಿನಲ್ಲಿ ಬ್ರೆಡ್ಡು, ಬಾಳೆಹಣ್ಣು, ಶಾರ್ಟ್‌ಬ್ರೆಡ್ ಬಿಸ್ಕತ್ತು.

ಇಷ್ಟೆಲ್ಲ ಬರಿ ಚಿವುಟುವಿಕೆ. ನಿಜವಾದ ಪೆಟ್ಟು ಐದನೆಯ ದಿನದ್ದು.

ಐದನೆಯ ದಿನ ರೈಲಿನಲ್ಲಿ ಅರ್ಧ ಗಂಟೆ ದೂರದ ನಾರ್ತ್ ಬೆರಿಕ್, ಸಮುದ್ರದ ದಂಡೆಯ ಚೆಂದದ ಪುಟ್ಟ ಊರು. ಎದುರಿಗೆ ನೀರಿನಲ್ಲಿ ಹಕ್ಕಿಗಳಿಂದಲೇ ಬೆಳ್ಳಗಾದ ಬಂಡೆದ್ವೀಪ. ದಂಡೆಯ ಹತ್ತಿರ ಒಂದು ಹಳೆಯ ಚಿಪ್ಸ್ ಅಂಗಡಿ. ದಪ್ಪ ಆಲೂಗಡ್ಡೆ ತುಂಡುಗಳನ್ನು ಕೆಂಪಗೆ ಕರಿದು, ಉಪ್ಪು ಮತ್ತು ಹುಳಿಸಾಸ್ ಸುರಿದು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ವಿಜಯಾ ಆ ಚಿಪ್ಸನ್ನು ಮೂರು ತಿಂಗಳು ಚಪ್ಪರಿಸಿಕೊಂಡು ತಿಂದಿದ್ದಳು. ಒಂದು ದಿನ ಪಕ್ಕದ ಮನೆಯ ಮುದುಕಿ ಸಹಜವಾಗಿ ಹೇಳಿದಳು: ಆ ರುಚಿ ಎಣ್ಣೆಯದಲ್ಲ, ಅವರು ಹಳೆಯ ಪದ್ಧತಿಯಂತೆ ದನದ ಕೊಬ್ಬಿನಲ್ಲೇ ಕರಿಯುವುದು. ಕೋಳಿ ಕುರಿ ತಿನ್ನುವ ವಿಜಯಾಳೇ ಅಂದು ಬಚ್ಚಲಿಗೆ ಓಡಿದ್ದಳು. ಮೂರು ದಿನ ಅನ್ನ ಸೇರಿರಲಿಲ್ಲ.

ಆಲೂಗಡ್ಡೆ ಅಂದ ಕೂಡಲೇ ಸಸ್ಯಾಹಾರ ಎಂದು ನಂಬುವುದು ನಮ್ಮವರ ಹುಟ್ಟುಗುಣ. ಪರದೇಶದಲ್ಲಿ ಏನೂ ಸಿಗದಿದ್ದರೆ ಚಿಪ್ಸ್ ತಿಂದು ಬದುಕುತ್ತೇವೆ, ಯಾವುದರಲ್ಲಿ ಕರಿದಿರಿ ಎಂದು ಕೇಳುವುದಿಲ್ಲ. ವಿಜಯಾ ಆ ಅಂಗಡಿಯ ವಿಳಾಸ ಬರೆದು, "ಇಲ್ಲಿ ಹೊಟ್ಟೆ ತುಂಬ ತಿನ್ನಿ, ಸ್ವರ್ಗ" ಎಂದು ಸೇರಿಸಿ, ಎದುರಿನ ವೆಜ್ ಕಾಲಮ್ಮಿನಲ್ಲಿ ಟಿಕ್ ಒತ್ತಿದಳು. ಒಂದೇ ಪಾತ್ರೆಯ ಮಾತಾಡಿದವಳು ಅದೇ ಪಾತ್ರೆಯಲ್ಲಿ ತಿನ್ನಲಿ. ತಿಂದು ಬರಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಳು.

ಕೇಶವ ಹಿಂದಿನಿಂದ ಇಣುಕಿ ನೋಡಿದ. ಅವನಿಗೂ ಆ ಅಂಗಡಿ ಗೊತ್ತು.

"ಬೇಡ ಕಣೇ. ಅವಳಿಗೆ ಬೈಯಬೇಕಾ, ಫೋನ್ ಮಾಡಿ ಬೈದುಬಿಡು. ಇದು ಸರಿಯಲ್ಲ."

"ವಾರವೆಲ್ಲಾ ಹೋಳಿಗೆ ಹಾಲಲ್ಲಿ ಅದ್ಕೊಂಡು ತಿಂದ್ರಲ್ಲಾ, ನಿಮಗೆ ಸಿಹಿಯಾಗೇ ಇತ್ತು. ನನಗೆ ಇರ್ಲಿಲ್ಲ," ಎಂದಳು ವಿಜಯಾ. ಶೀಟು ಶಾಲಿನಿಗೆ ಹೋಯಿತು.

ಜುಲೈ ಕೊನೆಗೆ ಶಾಲಿನಿ ಮತ್ತೆ ಫೋನ್ ಮಾಡಿದಳು. ಪ್ಲಾನ್ ಸೂಪರ್, ಒಂದು ಸಣ್ಣ ಬದಲಾವಣೆ ಮಾತ್ರ. ಚಂದ್ರಶೇಖರನ ತಾಯಿ ಗೌರಾದೇವಿ ಹುಬ್ಬಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದಾರೆ, ಅವರನ್ನೂ ಕರೆದುಕೊಂಡು ಹೋಗುತ್ತಿದ್ದಾರೆ. "ಅತ್ತೆ ನಿಮ್ಮ ಹತ್ರ ಮಾತಾಡ್ಬೇಕಂತೆ," ಎಂದು ಫೋನ್ ಕೊಟ್ಟಳು.

"ನೀನ ಏನವಾ ಪ್ಲಾನ್ ಬರದಾಕಿ?" ಎಂದಿತು ಒಂದು ತೆಳುವಾದ, ಉತ್ಸಾಹದ ದನಿ. "ನಾ ದಿನಾ ಲಿಂಗಪೂಜಿ ಆದಮ್ಯಾಲೆನ ಬಾಯಾಗ ನೀರ ಹಾಕಾಕಿ. ಹೊರಗಿಂದು ತಿಂದು ನಲವತ್ತು ವರ್ಷ ಆತು. ಅಲ್ಲೆ ನನಗ ಉಣ್ಣಾಕ ಏನರ ಸಿಗತದೇನವಾ?"

ವಿಜಯಾ ಶೀಟಿನ ಕೊನೆಯ ಕಾಲಮ್ಮನ್ನು ನೆನೆಸಿಕೊಂಡಳು. "ಸಿಗತ್ತಮ್ಮಾ… ಬ್ರೆಡ್ಡು, ಹಣ್ಣು…"

"ಸೊಸಿ ಹೇಳತಾಳ, ವಿಜಯಾ ಟಿಕ್ ಮಾಡ್ಯಾಳ ಅಂದ್ರ ಚಿಂತಿ ಇಲ್ಲ ಅಂತ. ಹಂಗಾರ ನಾನೂ ಧೈರ್ಯ ಮಾಡತೀನಿ ನೋಡವಾ. ದೇವರು ನಿನ್ನ ಚೊಲೋ ಇಡ್ಲಿ."

ಫೋನ್ ಇಟ್ಟ ವಿಜಯಾ ಲ್ಯಾಪ್‌ಟಾಪ್ ತೆರೆದಳು. ಐದನೆಯ ಸಾಲಿಗೆ ಹೋದಳು. ಟಿಕ್ ಅಳಿಸಿ, "ಈ ಅಂಗಡಿ ಮುಚ್ಚಿದೆಯಂತೆ, ಬೇರೆಡೆ ತಿನ್ನಿ" ಎಂದು ಒಂದು ಮೆಸೇಜು ಕಳಿಸಿದ್ದರೆ ಸಾಕಿತ್ತು. ಈ ಮುದುಕಿ ಅವಳಿಗೆ ಏನು ಮಾಡಿದ್ದಳು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಅವಳಿಗೂ ಗೊತ್ತಿತ್ತು. ಆದರೆ ಕಣ್ಣೆದುರಿಗೆ ಬಂದದ್ದು ಹಳದಿ ಚೀಟಿ. ಇಂಥ ಅವಕಾಶ ಎರಡನೆಯ ಸಲ ಬರುವುದಿಲ್ಲ. ಮುದುಕಿ ಬ್ರೆಡ್ಡು ತಿಂದುಕೊಂಡು ಇರುತ್ತಾಳೆ ಬಿಡು, ನಲವತ್ತು ವರ್ಷ ಹೊರಗೆ ತಿನ್ನದವಳು ಈಗ ಚಿಪ್ಸ್ ತಿನ್ನುತ್ತಾಳೆಯೇ, ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಲ್ಯಾಪ್‌ಟಾಪ್ ಮುಚ್ಚಿದಳು.

ಆಗಸ್ಟ್‌ನಲ್ಲಿ ವಾಟ್ಸಾಪ್ ಗುಂಪಿನಲ್ಲಿ ಚಿತ್ರಗಳು ಬಂದವು. ಭಾನುವಾರ ಕೋಟೆಯ ಮೇಲೆ, ಹಾರದ ತೋಪಿನ ಪಕ್ಕ ಸಪ್ಪೆ ಮುಖ. ಸೋಮವಾರ ಬೆಟ್ಟದ ಮೇಲೆ ಶಾಲಿನಿಯ ಕೂದಲು ಮುಖದ ತುಂಬ. ಬುಧವಾರ ಎಲ್ಲರೂ ಬಾಳೆಹಣ್ಣು ಹಿಡಿದುಕೊಂಡು ಅರಮನೆಯ ಮುಂದೆ. ವಿಜಯಾ ಪ್ರತಿ ಚಿತ್ರಕ್ಕೂ ಹೃದಯದ ಗುರುತು ಕಳಿಸಿದಳು. ಗುರುವಾರ ಮಧ್ಯಾಹ್ನ ಕಾದಿದ್ದ ಚಿತ್ರ ಬಂತು. ಸಮುದ್ರದ ದಂಡೆಯ ಕಲ್ಲುಗೋಡೆಯ ಮೇಲೆ ನಾಲ್ವರೂ ಸಾಲಾಗಿ ಕೂತಿದ್ದರು, ಎಲ್ಲರ ಮಡಿಲಲ್ಲೂ ಕಾಗದದ ಪೊಟ್ಟಣ. ಶಾಲಿನಿಯ ಬಾಯಿ ತುಂಬಿತ್ತು. ವಿಜಯಾ ಬೆರಳಿಂದ ಚಿತ್ರ ಹಿಗ್ಗಿಸಿ ಆ ತುಂಬಿದ ಬಾಯನ್ನೇ ನೋಡಿದಳು. ಎರಡು ವರ್ಷದ ನಂತರ ಅವಳ ಹೊಟ್ಟೆ ತಣ್ಣಗಾಯಿತು. ಅಂದು ತನ್ನ ಆಫೀಸಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದಳು. ಗೋಡೆಯ ಕೊನೆಯಲ್ಲಿ, ಸೆರಗು ಬಿಗಿಯಾಗಿ ಹೊದ್ದು, ಕಣ್ಣು ಕಿರಿದು ಮಾಡಿ ನಗುತ್ತಿದ್ದ ಮುದುಕಿಯ ಕಡೆಗೆ ಮಾತ್ರ ಚಿತ್ರವನ್ನು ಸರಿಸಲಿಲ್ಲ.

ಆದರೆ ಸೇಡು ಎಂಬುದು ತಿಂದವರಿಗೆ ಗೊತ್ತಾಗದೆ ಪೂರ್ತಿಯಾಗುವುದಿಲ್ಲ. ಮುಂದಿನ ಶನಿವಾರ ಶಾಲಿನಿ ಥ್ಯಾಂಕ್ಸ್ ಹೇಳಲೆಂದು ಮನೆಗೆ ಕರೆದಾಗ ವಿಜಯಾ ಒಳ್ಳೆಯ ಸೀರೆ ಉಟ್ಟು, ಕೇಶವನನ್ನು ಮನೆಯಲ್ಲೇ ಬಿಟ್ಟು, ಒಬ್ಬಳೇ ಬೆಲ್ವ್ಯೂಗೆ ಡ್ರೈವ್ ಮಾಡಿದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು.

ಮನೆಯಲ್ಲಿ ಚಂದ್ರಶೇಖರ ಇರಲಿಲ್ಲ, ಮಗಳು ಸೋನಿಯಾಳನ್ನು ಈಜಿಗೆ ಕರೆದುಕೊಂಡು ಹೋಗಿದ್ದ. ಗೌರಾದೇವಿ ಮೇಲಿನ ಕೋಣೆಯಲ್ಲಿ ಪೂಜೆಗೆ ಕೂತಿದ್ದರು. ಅಡುಗೆಮನೆಯಲ್ಲಿ ಇಬ್ಬರೇ. ಶಾಲಿನಿ ಶಾರ್ಟ್‌ಬ್ರೆಡ್ ಡಬ್ಬ ಮುಂದೆ ತಳ್ಳಿದಳು. ವಿಜಯಾ ಅದನ್ನು ಮುಟ್ಟಲಿಲ್ಲ.

"ನಾರ್ತ್ ಬೆರಿಕ್‌ನಲ್ಲಿ ಚಿಪ್ಸ್ ತಿಂದ್ರಲ್ಲಾ ಶಾಲಿನಿ, ಅದನ್ನ ಕರಿಯೋದು ದನದ ಕೊಬ್ಬಲ್ಲಿ. ನನಗೆ ಗೊತ್ತಿತ್ತು. ಗೊತ್ತಿದ್ದೇ ಟಿಕ್ ಹಾಕ್ದೆ. ಎರಡು ವರ್ಷದ ಹಿಂದೆ ಯುಗಾದೀಲಿ ನನ್ನ ಹೋಳಿಗೆ ಮೇಲೆ ಚೀಟಿ ಅಂಟ್ಸಿದ್ರಿ. ಜ್ಞಾಪಕ ಇದ್ಯಾ? ಈಗ ಅಂಟಿಸ್ಕೊಳ್ಳಿ, ನಿಮ್ಮ ಹೊಟ್ಟೆ ಮೇಲೆ."

ಹೇಳಿ ಮುಗಿಸಿ ಅವಳು ಶಾಲಿನಿಯ ಮುಖ ಕಪ್ಪಿಡುವುದನ್ನು ಕಾದಳು. ಶಾಲಿನಿ ಒಂದು ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡಳು.

"ಗೊತ್ತು," ಎಂದಳು.

"ಏನು ಗೊತ್ತು?"

"ಈಗ ಹೊಸ ಬೋರ್ಡ್ ಹಾಕಿದಾರೆ, ಅದರಲ್ಲೇ ಬರೆದಿತ್ತಲ್ಲಾ, ಇಷ್ಟು ದೊಡ್ಡಕ್ಷರದಲ್ಲಿ. ಸೋನಿಯಾ ಓದಿ ಹೇಳಿದ್ಲು. ಚಂದ್ರಶೇಖರ್ ವಾಪಸ್ ಹೋಗೋಣ ಅಂದ್ರು. ಅತ್ತೆ ನಾಲ್ಕು ದಿನದಿಂದ ಬರೀ ಬಾಳೆಹಣ್ಣು ವಿಜಯಾ, ಚಳಿಗೆ ನಡುಗ್ತಾ ಇದ್ರು. ವಾಸನೆಗೇ ಮುಖ ಅರಳಿತ್ತು. 'ಆಲೂಗಡ್ಡಿ ಅಲ್ಲೇನ, ತಿಂತೀನಿ, ವಿಜಯಾ ಬರದಾಳ' ಅಂದ್ರು. ನಾನು ಎಲ್ಲರಿಗೂ ಬಾಯಿ ಮುಚ್ಕೊಂಡು ತಿನ್ನಿ ಅಂದೆ." ಅವಳು ಕೈಯ ಪುಡಿ ಝಾಡಿಸಿದಳು. "ನನಗೇನು? ಆಫೀಸ್ ಕೆಫೆಟೇರಿಯಾದಲ್ಲಿ ವಾರಕ್ಕೆರಡು ಸಲ ಬೀಫ್ ಬರ್ಗರ್ ತಿಂತೀನಿ. ಹದಿಮೂರು ವರ್ಷ ಆಯ್ತು."

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಇದು ಬದನೆಕಾಯಿಯನ್ನೂ ಮೀರಿತ್ತು. ವಿಜಯಾ ಡಬ್ಬವನ್ನು ವಾಪಸ್ ತಳ್ಳಿದಳು. "ಮತ್ತೆ ನನ್ನ ಹೋಳಿಗೆ?"

"ನಿಜವಾಗ್ಲೂ ಜ್ಞಾಪಕ ಇಲ್ಲ. ಅಂಟಿಸಿರ್ತೀನಿ. ಆ ಜನ ಎಲ್ಲಾ ನೋಡ್ತಾ ಇರ್ತಾರೆ, ನಾನೂ ಮಾಡಿ ತೋರಿಸ್ಬೇಕಲ್ಲಾ." ಶಾಲಿನಿ ಈಗ ಅವಳನ್ನು ನೇರವಾಗಿ ನೋಡಿದಳು. "ನಿಮಗೆ ಪಾಪ ಗೊತ್ತಿಲ್ದೇ ಬರೆದಿದೀರ ಅಂದ್ಕೊಂಡೆ. ತಿಳಿದ್ರೆ ನೊಂದ್ಕೋತೀರ ಅಂತ ಯಾರಿಗೂ ಹೇಳ್ಬೇಡಿ ಅಂತ ಇವ್ರಿಗೂ ಸೋನಿಯಾಗೂ ಆಣೆ ಹಾಕ್ಸಿದೀನಿ. ಅತ್ತೆ ಬರ್ತಾರೆ ಅಂತ ಜುಲೈನಲ್ಲೇ ನಿಮಗೆ ಗೊತ್ತಿತ್ತಲ್ವಾ ವಿಜಯಾ? ಫೋನಲ್ಲಿ ಮಾತೂ ಆಡಿದ್ರಿ."

ವಿಜಯಾ ಇಷ್ಟು ದಿನ ಕಾದು ಹೊಡೆದ ಪೆಟ್ಟು ಶಾಲಿನಿಯ ಮೈಗೆ ತಾಗಿಯೇ ಇರಲಿಲ್ಲ. ತಾಗಿದ್ದು ಯಾರಿಗೆಂದು ಇಬ್ಬರಿಗೂ ಗೊತ್ತಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಗೌರಾದೇವಿ ಇಳಿದು ಬಂದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಚಿತ್ರದಲ್ಲಿ ಕಂಡದ್ದಕ್ಕಿಂತ ಕುಳ್ಳಗಿನ, ಸಣ್ಣ ಮೈಯ ಹೆಂಗಸು. ಸೊಸೆ ಪರಿಚಯಿಸುವ ಮೊದಲೇ ಬಂದು ವಿಜಯಾಳ ಎರಡೂ ಕೈ ಹಿಡಿದುಕೊಂಡರು.

"ನೀನ ಅಲ್ಲೇನು ವಿಜಯಾ! ಅವಾಗಿಂದ ಕಾಯಾಕತ್ತೀನಿ. ಆ ದಂಡಿ ಮ್ಯಾಲೆ ಕುಂತು ತಿಂದಿದ್ದು ನಾ ಸಾಯೂತನಕ ಮರಿಯಾಂಗಿಲ್ಲ ಬಿಡವಾ. ನಮ್ಮ ಮನಿಯವ್ರು ಹೋದಮ್ಯಾಲೆ ಹಿಂಗ ಹೊರಗ ಕುಂತು, ಗಾಳ್ಯಾಗ, ಕೈಯಾಗ ಹಿಡಕೊಂಡು ತಿಂದಿದ್ದ ಇಲ್ಲ. ಎರಡು ಪೊಟ್ಟಣ ತಿಂದೆ ನೋಡು." ಅವರು ನಾಚಿ ನಕ್ಕರು. ಆಮೇಲೆ ದನಿ ತಗ್ಗಿಸಿ, ಅಡುಗೆಯವರು ಅಡುಗೆಯವರನ್ನು ಕೇಳುವ ಹಾಗೆ ಕೇಳಿದರು. "ಖರೇ ಹೇಳು. ಅದು ಯಾವ ಎಣ್ಣಿ? ನಾ ಇಲ್ಲೆ ಮೂರು ಸರ್ತಿ ಮಾಡಿ ನೋಡಿದೆ, ಆ ವಾಸನಿನ ಬರವಲ್ದು."

ವಿಜಯಾ ಶಾಲಿನಿಯ ಕಡೆ ನೋಡಿದಳು. ಶಾಲಿನಿ ಒಲೆಗೆ ಒರಗಿ ಕೈಕಟ್ಟಿ ನಿಂತಿದ್ದಳು. ಸಹಾಯಕ್ಕೆ ಬರುವ ಲಕ್ಷಣ ಆ ಮುಖದಲ್ಲಿ ಇರಲಿಲ್ಲ.

"ಹೇಳಿ ವಿಜಯಾ," ಎಂದಳು. "ಅದು ನಿಮಗೇ ಗೊತ್ತಿರೋದು."

ಎರಡು ತಿಂಗಳಿಂದ, ಈ ಮನೆಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕೆಂದು ಅವಳು ಹಂಬಲಿಸಿದ್ದ ಮಾತನ್ನು ಈಗ ಗೌರಾದೇವಿಯೇ ಬಾಯಿಬಿಟ್ಟು ಕೇಳುತ್ತಿದ್ದರು. ಹೇಳಿದರೆ ಈ ಹೆಂಗಸು ಮತ್ತೆ ಹೇಗೆ ಪೂಜೆಗೆ ಕೂತಾಳು? ಮೂರು ದಿನ ಅನ್ನ ಬಿಟ್ಟ ತನ್ನ ನೆನಪೇ ಅವಳಿಗೆ ಸಾಕಿತ್ತು. ಇವರು ಮೂರೇ ದಿನಕ್ಕೆ ನಿಲ್ಲಿಸುವವರಲ್ಲ.

"ಶೇಂಗಾ ಎಣ್ಣೆ ಅಮ್ಮಾ," ಎಂದಳು ವಿಜಯಾ. "ಬರೀ ಶೇಂಗಾ ಎಣ್ಣೆ."

"ನೋಡು, ನಾನೂ ಅದ ಅಂದಿದ್ದೆ!" ಗೌರಾದೇವಿ ಸೊಸೆಯ ಕಡೆ ಗೆದ್ದವರಂತೆ ನೋಡಿ, ಸೆರಗು ಸಿಕ್ಕಿಸಿ, ಬಾಣಲೆ ಇಟ್ಟರು. ಬೇಡ ಬೇಡವೆಂದರೂ ಕೇಳಲಿಲ್ಲ. ಆಲೂಗಡ್ಡೆ ಹೆಚ್ಚಿ, ಎಣ್ಣೆ ಕಾಯಿಸಿ, ಕೆಂಪಗೆ ಕರಿದು, ಉಪ್ಪು ಉದುರಿಸಿ, ಮನೆಯವರಿಗಿಂತ ಮೊದಲು ವಿಜಯಾಳಿಗೆ ತಟ್ಟೆ ಕೊಟ್ಟರು. ಅವಳು ಒಂದು ತುಂಡು ಬಾಯಿಗಿಟ್ಟುಕೊಂಡು ಅಗಿಯುವವರೆಗೂ ಎದುರಿಗೇ ನಿಂತರು.

"ಬಂತೇನವಾ, ಅಲ್ಲಿ ರುಚಿ?"

"ಬಂತಮ್ಮಾ."

ಗೌರಾದೇವಿ ತಾವೂ ಒಂದು ತುಂಡು ತಿಂದು, ಕಣ್ಣು ಮುಚ್ಚಿ ನೋಡಿ, ತಲೆಯಾಡಿಸಿದರು. "ಇಲ್ಲ ತಗೀ. ನನ್ನ ಮನಸ್ಸು ಕೆಡಬಾರದಂತ ಹಂಗ ಅಂತೀ. ಏನೋ ಒಂದು ಕಡಿಮಿ ಆಗೇದ. ಬರೂ ಶನಿವಾರ ಬಾ, ಇಬ್ಬರೂ ಕೂಡಿ ಅದೇನಂತ ಹುಡುಕೂಣು. ಬರತೀ ಹೌದಿಲ್ಲೋ?"

ಶಾಲಿನಿ ಇನ್ನೊಂದು ಬಿಸ್ಕತ್ತು ತೆಗೆದುಕೊಂಡಳು. ವಿಜಯಾ ಬಾಯಲ್ಲಿದ್ದದ್ದನ್ನು ನುಂಗಿ, ಬರುತ್ತೇನೆ ಎಂದಳು.